ಬೆಟ್ಟ ಹತ್ತೋ ಮುನ್ನ ಇಳಿಯೋ ಲೆಕ್ಕ ಹಾಕಿ!

*ಮೊದಲ ಚಾರಣಕ್ಕೆ ಹೊರಟವರಿಗೆ ಗಡಿನಾಡ ಕಿವಿಮಾತು*

ಡೆಂಕಣಿಕೋಟೆ: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನೋ ಗಾದೆ ಕೇಳದ ಕನ್ನಡಿಗರಿಲ್ಲ. ಆದರೆ ಈ ಭಾಗದವರಿಗೆ ಬೆಟ್ಟ ದೂರದ್ದೇನಲ್ಲ. ಡೆಂಕಣಿಕೋಟೆ, ಕೆಲಮಂಗಲ, ರಾಯಕೋಟೆ, ತಳಿ, ಅಂಚೆಟ್ಟಿ, ಎಲ್ಲಿ ನಿಂತರೂ ಕಣ್ಣಳತೆಯಲ್ಲಿ ಒಂದು ಗುಡ್ಡ, ಒಂದು ಕಾಡಂಚು ಇದ್ದೇ ಇರುತ್ತದೆ. ಹತ್ತಿರ ಇರೋದೇ ಇಲ್ಲಿ ತೊಂದರೆ. ಹತ್ತಿರ ಅಂದ ಮೇಲೆ ತಯಾರಿ ಯಾಕೆ ಅನ್ನೋ ಉಡಾಫೆ ಬಂದುಬಿಡುತ್ತದೆ.

ಶನಿವಾರ ರಾತ್ರಿ ಟೀ ಅಂಗಡಿ ಮುಂದೆ ಮಾತು ಶುರು. ಭಾನುವಾರ ಬೆಳಗ್ಗೆ ಎರಡು ಬೈಕು, ನಾಲ್ಕು ಜನ, ಒಂದು ಬಾಟಲಿ ನೀರು, ಕಾಲಿಗೆ ಹವಾಯಿ ಚಪ್ಪಲಿ. ಎಷ್ಟು ಹೊತ್ತಿಗೆ ವಾಪಸ್ ಅಂತ ಕೇಳಿದರೆ ‘ನೋಡೋಣ’ ಅನ್ನೋ ಉತ್ತರ. ಬೆಂಗಳೂರು, ಹೊಸೂರಿನ ಕಂಪನಿಗಳಲ್ಲಿ ದುಡಿಯುವ ಹುಡುಗ-ಹುಡುಗಿಯರಲ್ಲೂ ಈಗ ಚಾರಣದ ಗೀಳು ಜೋರಾಗಿದೆ. ಒಳ್ಳೆಯದೇ. ವಾರವಿಡೀ ಕುರ್ಚಿಯಲ್ಲಿ ಕೂತ ಮೈಗೆ ಬೆಟ್ಟಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಆದರೆ ಮೊದಲ ಸಲ ಹೋಗುವವರು ಹತ್ತುವ ಬಗ್ಗೆ ಮಾತ್ರ ಯೋಚಿಸುತ್ತಾರೆ, ಇಳಿಯುವ ಬಗ್ಗೆ ಯೋಚಿಸುವವರು ಕಡಿಮೆ. ಅವಘಡಗಳ ಮೂಲ ಇರೋದೇ ಇಲ್ಲಿ.

ಹಾಗಂತ ಬೆಟ್ಟ ಹತ್ತೋದು ನಮ್ಮವರಿಗೆ ಹೊಸದಲ್ಲ. ಹರಕೆ ಹೊತ್ತವರು ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೇ ಹತ್ತುತ್ತಾರೆ. ಕುರಿ ಮೇಯಿಸುವವರಿಗೆ ಗುಡ್ಡವೇ ದಿನದ ದಾರಿ. ಅವರು ಯಾವ ಪ್ಲಾನೂ ಬರೆದುಕೊಂಡು ಹೋಗಲ್ಲ, ನಿಜ. ಆದರೆ ಅವರ ಬಳಿ ಮೂರು ವಿಷಯ ಇರುತ್ತದೆ. ಜೊತೆಗೆ ಜನ, ಸವೆದ ಹಾದಿ, ದಾರಿ ಬಲ್ಲ ಹಿರಿಯರು. ಹೊಸದಾಗಿ ಹೋಗುವವನ ಬಳಿ ಈ ಮೂರರಲ್ಲಿ ಒಂದೂ ಇರಲ್ಲ. ಅದಕ್ಕೇ ಪ್ಲಾನ್ ಬೇಕು.

ಕಥೆ ಓದಿದ ಕಾಡೇ ಬೇರೆ

ಈ ಕಾಡು ಕನ್ನಡದ ಓದುಗರಿಗೆ ಮೊದಲೇ ಪರಿಚಯ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲೇ ಜವಳಗಿರಿಯ ನರಭಕ್ಷಕ ಹುಲಿಯ ಕಥೆ ಇದೆ. ಡೆಂಕಣಿಕೋಟೆ ಸೀಮೆಯ ಶಿವನಿಪಳ್ಳಿಯ ಕರಿ ಚಿರತೆಯ ಮೇಲೂ ಅವರು ಬರೆದಿದ್ದಾರೆ. ಪೂರ್ಣಚಂದ್ರ ತೇಜಸ್ವಿ ಅವರು ಆಂಡರ್ಸನ್ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲಂತೂ ಆ ಲೋಕಕ್ಕೆ ಮರುಳಾದ ಮಕ್ಕಳಿಗೆ ಲೆಕ್ಕವಿಲ್ಲ. ಆ ಪುಸ್ತಕ ಓದಿ ಕಾಡು ನೋಡೋಣ ಅಂತ ಇತ್ತ ಬರುವವರು ಈಗಲೂ ಇದ್ದಾರೆ.

ಆದರೆ ಆಂಡರ್ಸನ್ ಕಾಲದಂತೆ ಇಲ್ಲಿ ಕೋವಿ ಹೆಗಲಿಗೇರಿಸಿ ಮನಸ್ಸು ಬಂದಲ್ಲಿ ತಿರುಗುವ ಹಾಗಿಲ್ಲ. ಹೊಸೂರು ಅರಣ್ಯ ವಿಭಾಗದ ದೊಡ್ಡ ಭಾಗ ಈಗ ಸಂರಕ್ಷಿತ. 2014ರಲ್ಲಿ ಸುಮಾರು 504 ಚದರ ಕಿ.ಮೀ. ಕಾಡನ್ನು ಕಾವೇರಿ ಉತ್ತರ ವನ್ಯಜೀವಿ ಧಾಮ ಎಂದು ತಮಿಳುನಾಡು ಸರ್ಕಾರ ಘೋಷಿಸಿತು. 2022ರ ನವೆಂಬರ್‌ನಲ್ಲಿ ಸುಮಾರು 686 ಚದರ ಕಿ.ಮೀ. ವಿಸ್ತಾರದ ಕಾವೇರಿ ದಕ್ಷಿಣ ವನ್ಯಜೀವಿ ಧಾಮವೂ ಆಯಿತು. ಮೇಲಗಿರಿ ಬೆಟ್ಟಸಾಲು, ಆಚೆ ಕರ್ನಾಟಕದ ಕಾವೇರಿ ವನ್ಯಧಾಮ, ಇತ್ತ ಬನ್ನೇರುಘಟ್ಟ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡ ಕಾಡು. ರಾಜ್ಯದ ಗಡಿಕಲ್ಲು ನಮಗೆ, ಆನೆಗಲ್ಲ.

ಇಂಥ ಕಾಡಿನೊಳಗೆ ಅನುಮತಿ ಇಲ್ಲದೆ ಕಾಲಿಟ್ಟರೆ ಅದು ಚಾರಣ ಅಲ್ಲ, ಅತಿಕ್ರಮ ಪ್ರವೇಶ. 1882ರ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡರಡಿಯೂ ಕೇಸು ಬೀಳುತ್ತದೆ. ‘ಬೇಲಿ ಇರಲಿಲ್ಲ ಸಾರ್, ಬೋರ್ಡು ತಮಿಳಲ್ಲಿತ್ತು’ ಅಂದರೆ ನಡೆಯಲ್ಲ.

ಕುರಂಗಣಿ ಕಲಿಸಿದ ಪಾಠ

ನಿಯಮ ಬಿಗಿಯಾಗಿದ್ದು ಸುಮ್ಮನೆ ಅಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕಿಕೊಂಡರು. ಸ್ಥಳದಲ್ಲೇ ಕೆಲವರು, ಆಸ್ಪತ್ರೆಯಲ್ಲಿ ಕೆಲವರು, ಹೀಗೆ 20ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಬಹುತೇಕರು ನಮ್ಮ-ನಿಮ್ಮ ಮನೆ ಮಕ್ಕಳಂತೆ ನೌಕರಿ ಮಾಡಿಕೊಂಡು ವಾರಾಂತ್ಯಕ್ಕೆ ಹೊರಟವರು. ಬೇಸಿಗೆಯ ಒಣ ಹುಲ್ಲು, ಗಾಳಿ, ಕಡಿದಾದ ಇಳಿಜಾರು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಮನುಷ್ಯನ ಓಟಕ್ಕಿಂತ ಬೇಗ ಏರುತ್ತದೆ.

ಆ ದುರಂತದ ನಂತರ ತಮಿಳುನಾಡು ಸರ್ಕಾರ 2018ರಲ್ಲೇ ಚಾರಣಕ್ಕೆ ಪ್ರತ್ಯೇಕ ನಿಯಮ ತಂದಿತು. 2024ರ ಅಕ್ಟೋಬರ್‌ನಲ್ಲಿ ‘ಟ್ರೆಕ್ ತಮಿಳುನಾಡು’ ಯೋಜನೆ ಶುರುವಾಯಿತು. 14 ಜಿಲ್ಲೆಗಳ 40 ಹಾದಿಗಳನ್ನು ಸುಲಭ, ಮಧ್ಯಮ, ಕಠಿಣ ಅಂತ ಮೂರು ಬಗೆ ಮಾಡಲಾಯಿತು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಟಿಕೆಟ್ ತೆಗೆದರೆ ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಕರು ಜೊತೆಗೆ ಬರುತ್ತಾರೆ. ಇವರಲ್ಲಿ ಕಾಡಂಚಿನ ಊರು, ಹಾಡಿಗಳ ಯುವಕರೇ ಹೆಚ್ಚು. ನಮ್ಮ ಕೃಷ್ಣಗಿರಿ ಜಿಲ್ಲೆಯೂ ಪಟ್ಟಿಯಲ್ಲಿದ್ದು, ಡೆಂಕಣಿಕೋಟೆ ಪಕ್ಕದ ಅಯ್ಯೂರು ಕಾಡಿನ ಸಾಮಿ ಏರಿ ಹಾದಿ ಅದರಲ್ಲಿ ಸೇರಿದೆ. ಬೆಂಕಿಯ ಕಾಲದಲ್ಲಿ, ಅಂದರೆ ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಇಂಥ ಹಾದಿಗಳನ್ನು ಮುಚ್ಚುವುದುಂಟು. ಹೊರಡುವ ಮುನ್ನ ಹಾದಿ ತೆರೆದಿದೆಯಾ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳುವುದು ಮೊದಲ ಕೆಲಸ.

ಗಡಿಯಾಚೆಯೂ ಇದೇ ಕಥೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಮಂದಿ ನುಗ್ಗಿದ ಮೇಲೆ ಕರ್ನಾಟಕ ಅರಣ್ಯ ಇಲಾಖೆ ಎಚ್ಚೆತ್ತಿತು. ಆ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ವೆಬ್‌ಸೈಟ್ ಬಂತು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಎರಡೂ ಕಡೆ ಹೇಳೋದು ಒಂದೇ: ಸುಮ್ಮನೆ ಗಾಡಿ ಹತ್ತಿ ಹೋಗುವ ಕಾಲ ಮುಗಿದಿದೆ.

ಆನೆ ಎಲ್ಲೈತೆ ಅಂತ ಕೇಳಿ

ಬೇರೆ ಊರಿನ ಚಾರಣ ಪಾಠದಲ್ಲಿ ಇಲ್ಲದ ಒಂದು ಅಧ್ಯಾಯ ಡೆಂಕಣಿಕೋಟೆಯಲ್ಲಿದೆ. ಅದು ಆನೆ. ಪ್ರತಿ ವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ, ಮಳೆಗಾಲ ಮುಗಿಯುತ್ತಿದ್ದಂತೆ ಬನ್ನೇರುಘಟ್ಟ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡಿನ ಮೂಲಕ ಇತ್ತ ಇಳಿಯುತ್ತವೆ. ತಳಿ, ಡೆಂಕಣಿಕೋಟೆ, ನೊಗನೂರು, ಊಡೇದುರ್ಗಂ, ಸಾನಮಾವು... ಒಂದು ಕಾಡಿನಿಂದ ಮತ್ತೊಂದಕ್ಕೆ ರಾತ್ರೋರಾತ್ರಿ ಸಾಗುತ್ತವೆ. ಹಗಲು ಕಾಡಿನಲ್ಲಿ ನಿಂತು, ಕತ್ತಲಾದ ಮೇಲೆ ಹೊಲಕ್ಕೆ ಬರೋದು ಅವುಗಳ ಪದ್ಧತಿ. ಅರಣ್ಯ ಸಿಬ್ಬಂದಿ ಪಟಾಕಿ ಸಿಡಿಸಿ ಹಿಂದಕ್ಕೆ ಅಟ್ಟುತ್ತಾರೆ, ಅವು ಮತ್ತೆ ಬರುತ್ತವೆ. ರಾಗಿ ಕಾಯಲು ಹೋದ ರೈತರು, ನಸುಕಿನಲ್ಲಿ ದಾರಿ ಹಿಡಿದ ಕೂಲಿಗಳು ಬಲಿಯಾದ ಸುದ್ದಿ ಈ ಭಾಗದಲ್ಲಿ ಅಪರೂಪ ಅಲ್ಲ. ಕಾಡನ್ನು ಅಂಗೈಯಂತೆ ಬಲ್ಲವರಿಗೇ ಹೀಗಾದರೆ ಹೊಸಬರ ಪಾಡೇನು?

ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿವರೆಗೆ ಹವಾ ಎಷ್ಟೇ ಚೆನ್ನಾಗಿರಲಿ, ಕಾಡಂಚಿನ ದಾರಿಯಲ್ಲಿ ಬೆಳಕು ಹರಿಯುವ ಮುನ್ನ ನಡೆಯಬಾರದು. ಸಂಜೆ ನಾಲ್ಕರ ನಂತರ ಅಲ್ಲಿ ಇರಲೂ ಬಾರದು. ‘ಸೂರ್ಯೋದಯ ಮೇಲಿಂದ ನೋಡ್ಬೇಕು, ನಾಲ್ಕು ಗಂಟೆಗೇ ಹೊರಡೋಣ’ ಎನ್ನುವ ಆಸೆಯನ್ನು ಇಲ್ಲಿ ಬಿಡಬೇಕು. ಮಂಜು ಮುಸುಕಿದ ನಸುಕಿನಲ್ಲಿ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಬಂಡೆಯಂತೆಯೇ ಕಾಣುತ್ತದೆ.

ಹಿಂದಿನ ದಿನ ಅರಣ್ಯ ಕಚೇರಿಯಲ್ಲೋ, ದಾರಿಯ ಕೊನೆಯ ಅಂಗಡಿಯಲ್ಲೋ, ಕುರಿ ಮೇಯಿಸೋರ ಬಳಿಯೋ ‘ಆನೆ ಎಲ್ಲೈತೆ?’ ಅಂತ ಒಂದು ಮಾತು ಕೇಳಿದರೆ ಸಾಕು. ಇಲ್ಲಿನ ಹಳ್ಳಿಗರಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತದೆ, ಭಾಷೆಯ ಅಡ್ಡಿ ಇಲ್ಲ. ‘ಈವತ್ತು ಬ್ಯಾಡ’ ಅಂದರೆ ವಾದ ಮಾಡದೆ ಗಾಡಿ ತಿರುಗಿಸಿ. ದಾರಿಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೂ ಅಷ್ಟೇ. ಆನೆ ಕಂಡರೆ ಫೋಟೊ, ಸೆಲ್ಫಿ ಅಂತ ನಿಲ್ಲಬೇಡಿ, ಕೂಗಬೇಡಿ, ಕಲ್ಲು ಎಸೆಯಬೇಡಿ. ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಆನೆ ಗಂಟೆಗೆ 20 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನುಗ್ಗಬಲ್ಲದು. ಲಂಟಾನ ಪೊದೆಯಲ್ಲಿ ಮನುಷ್ಯನಿಗೆ ಅದರ ಅರ್ಧವೂ ಕಷ್ಟ.

ಮೊದಲ ಬೆಟ್ಟ ಯಾವುದು?

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ದಟ್ಟ ಕಾಡು ಬೇಡ, ತೀರಾ ಎತ್ತರವೂ ಬೇಡ. ಊರಿಗೆ ಅಂಟಿಕೊಂಡ, ಹಾದಿ ಕಾಣುವ, ಅರ್ಧ ದಿನದಲ್ಲಿ ಮುಗಿಯುವ ಬೆಟ್ಟ ಸಾಕು. ಈ ಲೆಕ್ಕಕ್ಕೆ ತಾಲ್ಲೂಕಿನಲ್ಲೇ ಸರಿಹೊಂದುವುದು ರಾಯಕೋಟೆ ದುರ್ಗ.

ಬೆಟ್ಟ ಊರಿನ ನೆತ್ತಿಯ ಮೇಲೇ ಇದೆ. ಹೊಸೂರಿನಿಂದ ಧರ್ಮಪುರಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಬಸ್ಸಿದೆ, ಬೆಂಗಳೂರು-ಸೇಲಂ ಮಾರ್ಗದಲ್ಲಿ ರೈಲು ನಿಲ್ದಾಣವೂ ಇದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಹತ್ತುತ್ತಾ ಹೋದಂತೆ ಗೋಡೆ, ಬಾಗಿಲು, ಹಳೆಯ ಕಟ್ಟಡದ ಅವಶೇಷ ಸಿಗುತ್ತವೆ. ಸುಮ್ಮನೆ ಕಾಲು ನೋಯಿಸಿಕೊಂಡ ಹಾಗಾಗಲ್ಲ, ಒಂದಿಷ್ಟು ಚರಿತ್ರೆಯೂ ಸಿಗುತ್ತದೆ.

ಮೂರನೇ ಮೈಸೂರು ಯುದ್ಧದಲ್ಲಿ, 1791ರ ಜುಲೈನಲ್ಲಿ, ಮೇಜರ್ ಗೌಡಿ ನೇತೃತ್ವದ ಬ್ರಿಟಿಷ್ ಪಡೆ ಈ ಕೋಟೆಯನ್ನು ಟಿಪ್ಪುವಿನ ಸೈನ್ಯದಿಂದ ಕಿತ್ತುಕೊಂಡಿತು. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ದೊಡ್ಡ ದಂಡು ಶ್ರೀರಂಗಪಟ್ಟಣಕ್ಕೆ ಹೊರಟಿದ್ದು ಇದೇ ರಾಯಕೋಟೆ, ಕೆಲಮಂಗಲದ ದಾರಿಯಲ್ಲಿ. ಮೇಲೆ ನಿಂತು ನೋಡಿದರೆ ಈ ಬೆಟ್ಟ ಅಷ್ಟು ಮುಖ್ಯ ಆಗಿದ್ದು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಬಯಲಿನಿಂದ ಮೈಸೂರು ಸೀಮೆಗೆ ಏರುವ ದಾರಿ ಇಡಿಯಾಗಿ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಕೃಷ್ಣಗಿರಿ ಪಟ್ಟಣದ ಮೇಲಿನ ಕೋಟೆ ಬೆಟ್ಟ. ಅದೂ ಸಂರಕ್ಷಿತ ಸ್ಮಾರಕವೇ. 1791ರ ನವೆಂಬರ್‌ನಲ್ಲಿ ಮ್ಯಾಕ್ಸ್‌ವೆಲ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತಲು ಹೋಗಿ ಸೋತು ವಾಪಸಾದ ಬೆಟ್ಟವಿದು. ಬರಿಗೈಯಲ್ಲಿ ಹತ್ತುವವರಿಗೂ ಬಂಡೆ ಸುಲಭಕ್ಕೆ ಬಗ್ಗಲ್ಲ, ಹಾಗಾಗಿ ಇದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಬಹುದು.

ಹೊರಗಿನಿಂದ ಬರುವ ಕನ್ನಡಿಗರಿಗೆ ಒಂದು ಸಣ್ಣ ಸೂಚನೆ. ತಮಿಳುನಾಡಿನ ಬಸ್ಸಿನ ಬೋರ್ಡಿನಲ್ಲಿ ಡೆಂಕಣಿಕೋಟೆ ಅಂತ ಹುಡುಕಿದರೆ ಸಿಗಲ್ಲ. ತಮಿಳಿನಲ್ಲಿ ಊರು ‘ತೇನ್‌ಕನಿಕ್ಕೋಟ್ಟೈ’. ತೇನ್ ಅಂದರೆ ಜೇನು, ಕನಿ ಅಂದರೆ ಹಣ್ಣು. ಆದರೆ ಬೆಟ್ಟಗಳ ಹೆಸರು ಕೇಳಿದರೆ ಕನ್ನಡದ ಕಿವಿಗೆ ಪರಕೀಯ ಅನ್ನಿಸಲ್ಲ: ದೇವರಬೆಟ್ಟ, ಬೆಟ್ಟಮುಗಿಲಾಳಂ...

ಗಡಿಯಾರದ ಲೆಕ್ಕ

ಈಗ ಮುಖ್ಯ ವಿಷಯ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ ಒಂದು ಸರಳ ಲೆಕ್ಕ ಕೊಟ್ಟ. ಐದು ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಚಳಿ ದೇಶದಲ್ಲಿ ಪಳಗಿದ ಕಾಲಿನ ಲೆಕ್ಕ. ನಮ್ಮ ಬಿಸಿಲು, ನಮ್ಮ ಹೊಸ ಕಾಲು ಎರಡನ್ನೂ ಸೇರಿಸಿದರೆ ಬಂದ ಉತ್ತರವನ್ನು ದುಪ್ಪಟ್ಟು ಮಾಡಿಕೊಳ್ಳುವುದೇ ಕ್ಷೇಮ.

ಉದಾಹರಣೆಗೆ ಹೋಗಿ ಬರಲು ಒಟ್ಟು ನಾಲ್ಕು ಕಿ.ಮೀ., ಏರು 200 ಮೀಟರ್ ಅಂದುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 20 ನಿಮಿಷ, ಒಟ್ಟು 68 ನಿಮಿಷ. ದುಪ್ಪಟ್ಟು ಮಾಡಿದರೆ ಎರಡೂಕಾಲು ಗಂಟೆ. ಮೇಲೆ ಕೂತು ತಿಂಡಿ ತಿನ್ನಲು, ಸುತ್ತ ನೋಡಲು ಮುಕ್ಕಾಲು ಗಂಟೆ ಸೇರಿಸಿ. ಮೂರು ಗಂಟೆಯಾಯಿತು. ಬೆಳಗ್ಗೆ ಏಳಕ್ಕೆ ಹೊರಟರೆ ಹತ್ತಕ್ಕೆ ಕೆಳಗಿರಬಹುದು, ಬಂಡೆ ಕಾಯುವ ಮುನ್ನ.

ಇನ್ನೊಂದು ನಿಯಮ: ಹೊರಡುವ ಮೊದಲೇ ಹಿಂದಿರುಗುವ ಗಂಟೆಯನ್ನು ನಿರ್ಧರಿಸಬೇಕು. ಒಂಬತ್ತು ಅಂದರೆ ಒಂಬತ್ತು. ಒಂಬತ್ತಕ್ಕೆ ಎಲ್ಲಿರುತ್ತೀರೋ ಅಲ್ಲಿಂದ ಇಳಿಯಬೇಕು. ತುದಿ ಕಣ್ಣೆದುರಿಗೇ ಇರಬಹುದು, ‘ಇನ್ನು ಹತ್ತೇ ನಿಮಿಷ’ ಅಂತ ಒಬ್ಬ ಹುರಿದುಂಬಿಸಬಹುದು. ಆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ, ನೀರು ಮುಗಿಯುತ್ತದೆ, ಬಿಸಿಲು ಏರುತ್ತದೆ, ಇಳಿಯುವ ಹೊತ್ತಿಗೆ ಮೊಣಕಾಲು ನಡುಗುತ್ತದೆ. ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಬೆಟ್ಟ ಎಲ್ಲೂ ಓಡಿಹೋಗಲ್ಲ, ಮುಂದಿನ ವಾರವೂ ಅಲ್ಲೇ ಇರುತ್ತದೆ.

ಮಧ್ಯಾಹ್ನದ ಮೇಲೆ ಹೊರಡುವ ಪ್ಲಾನ್ ಬೇಡವೇ ಬೇಡ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮಳೆಗಾಲದಲ್ಲಿ ಬಂಡೆ ಮೇಲಿನ ಪಾಚಿ ಎಣ್ಣೆಯಂತೆ ಜಾರುತ್ತದೆ. ಗುಡುಗು ಕೇಳಿದರೆ ತುದಿಯಲ್ಲಿ, ಒಂಟಿ ಮರದಡಿ ನಿಲ್ಲದೆ ಇಳಿಯಬೇಕು.

ಒಂದು ತಿಂಗಳ ತಾಲೀಮು

ಬೆಟ್ಟಕ್ಕೆ ಹೋಗೋದು ಭಾನುವಾರ, ತಯಾರಿ ಒಂದು ತಿಂಗಳ ಮುಂಚೆ. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ಗಂಟೆ ಬಿರುಸಿನ ನಡಿಗೆ. ಎರಡನೇ ವಾರ ಮುಕ್ಕಾಲು ಗಂಟೆ. ಮೂರನೇ ವಾರ ಮೆಟ್ಟಿಲು. ಹೊಸೂರಿನವರಿಗೆ ಚಂದ್ರಚೂಡೇಶ್ವರ ಬೆಟ್ಟದ ಮೆಟ್ಟಿಲೇ ಸಾಕು, ದೇವರ ದರ್ಶನವೂ ಆಯಿತು, ಕಾಲಿಗೆ ಕಸರತ್ತೂ ಆಯಿತು. ನಾಲ್ಕನೇ ವಾರ ಬೆಟ್ಟಕ್ಕೆ ಒಯ್ಯುವ ಅದೇ ಬ್ಯಾಗು, ಅದೇ ಶೂ ಹಾಕಿಕೊಂಡು ಆರೇಳು ಕಿ.ಮೀ. ಒಮ್ಮೆ ನಡೆಯಬೇಕು. ಬ್ಯಾಗಿನ ಪಟ್ಟಿ ಎಲ್ಲಿ ಒತ್ತುತ್ತದೆ, ಶೂ ಎಲ್ಲಿ ಕಚ್ಚುತ್ತದೆ ಅನ್ನೋದು ಊರಲ್ಲೇ ಗೊತ್ತಾಗಲಿ. ಹೊರಡುವ ಹಿಂದಿನ ಎರಡು ದಿನ ವಿಶ್ರಾಂತಿ.

ಏರುವಾಗ ಜೊತೆಯವರೊಂದಿಗೆ ಮಾತಾಡಲು ಆಗುವಷ್ಟು ನಿಧಾನ ಇರಲಿ. ಮಾತಾಡಲು ಉಸಿರು ಸಾಲದಿದ್ದರೆ ವೇಗ ಜಾಸ್ತಿ ಅಂತ ಅರ್ಥ. ಗುಂಪಿನ ವೇಗ ಅಂದರೆ ಎಲ್ಲರಿಗಿಂತ ನಿಧಾನ ನಡೆಯುವವನ ವೇಗ. ಮುಂದೆ ಓಡಿದವನು ಶೂರನಲ್ಲ, ಹಿಂದುಳಿದವನ ಜೊತೆ ನಡೆದವನೇ ನಿಜವಾದ ಚಾರಣಿಗ. ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಮೊದಲೇ ವೈದ್ಯರನ್ನು ಕೇಳಿ ಹೊರಡಬೇಕು, ಮಾತ್ರೆ-ಇನ್‌ಹೇಲರ್ ಜೇಬಿನಲ್ಲೇ ಇರಬೇಕು.

ಬ್ಯಾಗಿನಲ್ಲಿ ಏನಿರಬೇಕು?

* ನೀರು: ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಗಂಟೆಗೆ ಅರ್ಧ ಲೀಟರ್ ಲೆಕ್ಕ, ಬಿಸಿಲಿದ್ದರೆ ಹೆಚ್ಚು. ಅರ್ಧ ನೀರು ಮುಗಿದರೆ ಅಲ್ಲಿಂದ ವಾಪಸ್. ಬೆಟ್ಟದ ಮೇಲಿನ ದೊಣೆಯ ನೀರನ್ನು ನಂಬಬೇಡಿ.
* ತಿನ್ನಲು: ದುಬಾರಿ ಪ್ಯಾಕೆಟ್ ಬೇಕಿಲ್ಲ. ರಾಗಿ ರೊಟ್ಟಿ, ಹುರಿಗಡಲೆ-ಬೆಲ್ಲ, ಶೇಂಗಾ, ಬಾಳೆಹಣ್ಣು ಸಾಕು.
* ಓಆರ್‌ಎಸ್ ಎರಡು ಪ್ಯಾಕೆಟ್. ಒಂದು ದೊಡ್ಡ ಪ್ಯಾಕೆಟ್‌ಗೆ ಒಂದು ಲೀಟರ್ ನೀರು.
* ಕಾಲಿಗೆ ಹಿಡಿತ ಇರುವ, ಆಗಲೇ ಬಳಸಿ ಪಳಗಿದ ಶೂ. ಹೊಸ ಶೂ ಬೇಡ, ಚಪ್ಪಲಿ ಖಂಡಿತ ಬೇಡ.
* ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಟೋಪಿ. ಮುಳ್ಳಿಗೂ ಬಿಸಿಲಿಗೂ ಇದೇ ರಕ್ಷಣೆ.
* ಹಗಲು ಹೊರಟರೂ ಒಂದು ಟಾರ್ಚು. ಜೊತೆಗೊಂದು ಸೀಟಿ. ಗಂಟಲು ಸೋತರೂ ಸೀಟಿ ಸೋಲಲ್ಲ. ಮೂರು ಸಲ ಊದಿದರೆ ‘ಸಹಾಯ ಬೇಕು’ ಅಂತ ಅರ್ಥ.
* ಬ್ಯಾಂಡೇಜು, ಹತ್ತಿ, ನಂಜುನಿವಾರಕ ಮುಲಾಮು, ಗುರುತಿನ ಚೀಟಿ, ಬಸ್ಸಿಗೆ ಚಿಲ್ಲರೆ.
* ಕಸಕ್ಕೊಂದು ಬಟ್ಟೆ ಚೀಲ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2019ರ ಜನವರಿ 1ರಿಂದಲೇ ನಿಷೇಧ ಇದೆ.

ಬ್ಯಾಗು ಒಟ್ಟು ನಾಲ್ಕೈದು ಕೆ.ಜಿ. ದಾಟದಿರಲಿ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ, ಮದ್ಯ ಮನೆಯಲ್ಲೇ ಇರಲಿ. ಕುರಂಗಣಿ ನೆನಪಿದ್ದವರಿಗೆ ಕಾರಣ ಹೇಳಬೇಕಿಲ್ಲ.

ಹೆಚ್ಚು-ಕಮ್ಮಿ ಆದ್ರೆ?

ಕೋಟೆ ಬೆಟ್ಟಗಳ ಬಂಡೆ ಸಂದಿಯಲ್ಲಿ ಹೆಜ್ಜೇನು ಕಟ್ಟುವುದು ಸಾಮಾನ್ಯ. ಸೆಂಟು ಬಳಿದುಕೊಂಡು ಹೋಗುವುದು, ಕಿರುಚುವುದು, ಹೊಗೆ ಹಾಕುವುದು, ಕಲ್ಲು ಎಸೆಯುವುದು ಆಪತ್ತಿಗೆ ಆಹ್ವಾನ. ಎದ್ದರೆ ಕೈ ಬೀಸದೆ, ಮುಖ-ತಲೆ ಬಟ್ಟೆಯಿಂದ ಮುಚ್ಚಿಕೊಂಡು ದೂರ ಸರಿಯಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಎಲ್ಲ ಸಿನಿಮಾ ವೈದ್ಯ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈ-ಕಾಲನ್ನು ಕೋಲಿಗೆ ಆಧಾರವಾಗಿ ಕಟ್ಟಿ ಅಲುಗಾಡದಂತೆ ಇಟ್ಟು, ಹೊತ್ತು ತಂದು ನೇರ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧಿ ಕೆಲಸ ಮಾಡುತ್ತದೆ. ಹಾಗಾಗಿ ಹಾವನ್ನು ಹುಡುಕಿ ಕೊಲ್ಲುತ್ತಾ ಹೊತ್ತು ಕಳೆಯಬೇಕಾಗಿಲ್ಲ. ಮಂತ್ರ, ನಾಟಿ ಬೇರು ಅಂತ ತಡ ಮಾಡಿದರೆ ಪ್ರಾಣಕ್ಕೇ ಕುತ್ತು.

ಬಿಸಿಲಿನಲ್ಲಿ ತಲೆ ಸುತ್ತಿದರೆ, ವಾಕರಿಕೆ ಬಂದರೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಮೈ ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ಮನೆಯಲ್ಲೊಂದು ಚೀಟಿ

ಕಾಸು ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವ ಉಪಾಯ ಒಂದಿದೆ. ಅದು ಮನೆಯಲ್ಲಿ ಬಿಟ್ಟು ಹೋಗುವ ಒಂದು ಚೀಟಿ. ಯಾವ ಬೆಟ್ಟ, ಯಾವ ಕಡೆಯ ಹಾದಿ, ಯಾರ್‍ಯಾರು ಜೊತೆಗೆ, ಗಾಡಿ ನಂಬರು ಏನು, ಎಷ್ಟು ಗಂಟೆಗೆ ಕೆಳಗಿಳಿದು ಫೋನ್ ಮಾಡುತ್ತೇವೆ, ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ ಪೊಲೀಸರಿಗೆ ಹೇಳಬೇಕು. ಇಷ್ಟು ಬರೆದಿಟ್ಟರೆ ಹುಡುಕುವವರಿಗೆ ಇಡೀ ಕಾಡು ಹುಡುಕುವ ಕೆಲಸ ಇರಲ್ಲ.

ಮೊಬೈಲ್ ಇದೆಯಲ್ಲ ಅನ್ನಬಹುದು. ಬೆಟ್ಟದ ಮರೆಯಲ್ಲಿ, ಅಂಚೆಟ್ಟಿ-ಉರಿಗಂ ಕಡೆಯ ಕಣಿವೆಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಸುಳ್ಳು ಹೇಳಿ ಹೋಗುವುದು ಇನ್ನೂ ಅಪಾಯ. ‘ಕಾಲೇಜಿಗೆ ಹೋಗ್ತೀನಿ’ ಅಂತ ಹೇಳಿ ಬೆಟ್ಟ ಹತ್ತಿದ ಹುಡುಗ ಕಾಲು ಮುರಿದುಕೊಂಡು ಬಿದ್ದರೆ ಮನೆಯವರು ಕಾಲೇಜಿನಲ್ಲಿ ಹುಡುಕುತ್ತಾರೆ. ಒಬ್ಬರೇ ಹೋಗುವುದೂ ಮೊದಲ ಸಲಕ್ಕೆ ಸಲ್ಲ. ನಾಲ್ವರಿದ್ದರೆ ಚೆನ್ನ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಇಳಿದು ಜನ ಕರೆತರಬಹುದು.

ಹೆತ್ತವರಿಗೂ ಒಂದು ಮಾತು. ಬೆಟ್ಟ-ಗಿಟ್ಟ ಏನೂ ಬೇಡ ಅಂತ ಗದರಿಸಿದರೆ ಮಕ್ಕಳು ಹೋಗುವುದನ್ನು ಬಿಡಲ್ಲ, ಹೇಳಿ ಹೋಗುವುದನ್ನು ಬಿಡುತ್ತಾರೆ. ಅದರ ಬದಲು ಚೀಟಿ ಕೇಳಿ, ನೀರು ಎಷ್ಟಿದೆ ನೋಡಿ, ಹಿಂದಿರುಗುವ ಗಂಟೆ ಬರೆಸಿಕೊಳ್ಳಿ. ಟ್ರೆಕ್ ತಮಿಳುನಾಡು ಹಾದಿಗಳಲ್ಲೂ 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಕಡ್ಡಾಯ.

ಒಂದೆರಡು ಕೋಟೆ ಬೆಟ್ಟ ಹತ್ತಿ ಇಳಿದ ಮೇಲೆ ಟಿಕೆಟ್ ತೆಗೆದು ಮಾರ್ಗದರ್ಶಕರ ಜೊತೆ ಕಾಡಿನ ಹಾದಿ ನೋಡಬಹುದು. ಯಾವ ಲದ್ದಿ ಇಂದಿನದು, ಯಾವುದು ನಿನ್ನೆಯದು, ಯಾವ ಮರದ ತೊಗಟೆಗೆ ಆನೆ ಮೈ ಉಜ್ಜಿದೆ ಎನ್ನುವುದನ್ನು ಅವರಿಂದ ಕಲಿಯಬೇಕು. ಮಾರ್ಗದರ್ಶಕರಿಗೆ ಕೊಡುವ ದುಡ್ಡು ಕಾಡಂಚಿನ ಮನೆಯೊಂದಕ್ಕೆ ಸೇರುತ್ತದೆ. ಕಾಡು ಉಳಿದರೆ ತಮಗೂ ಲಾಭ ಅಂತ ಆ ಮನೆಗೂ ಅನ್ನಿಸುತ್ತದೆ.

ಮುಂದಿನ ಭಾನುವಾರ ಬೆಟ್ಟಕ್ಕೆ ಅಂತ ತೀರ್ಮಾನ ಮಾಡಿದವರು ಇಂದೇ ಒಂದು ಹಾಳೆ ತೆಗೆದುಕೊಳ್ಳಲಿ. ಎಲ್ಲಿಗೆ, ಯಾರ ಅನುಮತಿ, ಎಷ್ಟು ನೀರು, ಎಷ್ಟಕ್ಕೆ ವಾಪಸ್ ಎಂಬ ನಾಲ್ಕು ಪ್ರಶ್ನೆ ಬರೆಯಲಿ. ನಾಲ್ಕಕ್ಕೂ ಉತ್ತರ ಸಿಕ್ಕರೆ ಶೂ ಹಾಕಿಕೊಳ್ಳಬಹುದು. ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ವಾರ ಮೆಟ್ಟಿಲು ಹತ್ತುವ ತಾಲೀಮೇ ಸಾಕು.